ಅಪ್ಪನ ಕಿವಿಗೆ ತಕ್ಕ ಪೆಟ್ಟಿಗೆ

ಬನಹಟ್ಟಿ, ಜುಲೈ 1, 1991, ಸೋಮವಾರ

ಇವತ್ತು ಅಪ್ಪನಿಗೆ ನಾನು ರೊಟ್ಟಿ ಬಡಿಸಲಿಲ್ಲ. ಅವ್ವ ಬಡಿಸಿದಳು. ದ್ರೋಹ ಮಾಡಿದವರಿಗೆ ಬಡಿಸುವುದೂ ದ್ರೋಹದಲ್ಲಿ ಪಾಲು ತೆಗೆದುಕೊಂಡಂತೆ.

ನಿನ್ನೆ ನಮ್ಮ ಓಣಿಯ ನೇಕಾರರ ಸಂಘದ ಸಭೆ. ಹೆಂಗಸರಿಗೆ ಒಳಗೆ ಜಾಗವಿಲ್ಲ (ಇದರ ಬಗ್ಗೆ ಪ್ರತ್ಯೇಕವಾಗಿ ಬರೆಯುವುದಿದೆ), ಹಾಗಾಗಿ ಕಾರ್ಯದರ್ಶಿಯ ಮೇಜಿನ ಹಿಂದಿನ ಕಿಟಕಿಗೆ ಆತು ನಿಂತಿದ್ದೆ. ಕಾರ್ಯದರ್ಶಿ ಬಸಗೊಂಡಪ್ಪ ಕಾಗದವನ್ನು ಮೂಗಿಗೆ ಹಿಡಿದು ಠರಾವು ಓದಿದ: ಸಂಘದ ವಾಚನಾಲಯದ ಕೋಣೆಯನ್ನು ನೂಲಿನ ವ್ಯಾಪಾರಿಯೊಬ್ಬನ ಗೋದಾಮಿಗೆ ಬಿಟ್ಟುಕೊಡುವುದು. "ಒಪ್ಪಿಗಿ ಇದ್ದವರು ಕೈ ಎತ್ರಿ" ಎಂದು ತಾನೇ ಮೊದಲು ಕೈ ಎತ್ತಿದ. ಅವನ ಹಿಂದೆಯೇ ಎದ್ದ ಕೈ ನಮ್ಮ ಅಪ್ಪನದು. ಮೂವತ್ತೊಂದು ವರ್ಷ ಮಗ್ಗ ನಡೆಸಿದ ಶಿದ್ರಾಮಪ್ಪನ ಕೈ! ಆಮೇಲೆ ಉಳಿದ ಕೈಗಳೆಲ್ಲ ಎದ್ದವು.

ಹತ್ತನೆಯ ಇಯತ್ತೆ ಮುಗಿಸಿ ಮಗ್ಗದ ಲಾಳಿಯ ಕಂಡಿಕೆಗೆ ನೂಲು ಸುತ್ತಲು ಕೂತ ನನಗೆ ಆ ಕೋಣೆಯೇ ಕಾಲೇಜು. ಕೆಲಸದ ವೇಳೆ ಎಂದರೇನು, ಹೆಣ್ಣಿನ ದುಡಿಮೆಗೆ ಬೆಲೆ ಯಾಕಿಲ್ಲ, ಗ್ರಹಣ ಹೇಗೆ ಹಿಡಿಯುತ್ತದೆ, ಎಲ್ಲವನ್ನೂ ಅಲ್ಲಿನ ಕಿರುಹೊತ್ತಿಗೆಗಳಿಂದ ಕಲಿತೆ. ಸಂಜೆ ನಾನು ಓದಿದ್ದನ್ನು ಹೇಳಿದಾಗಲೆಲ್ಲ ಅಪ್ಪ "ಹೂಂ, ಖರೆ" ಎಂದು ತಲೆಯಾಡಿಸುತ್ತಿದ್ದ. ಈ ಊರಿನಲ್ಲಿ ನನ್ನ ವಿಚಾರ ಒಪ್ಪಿದ ಏಕೈಕ ಗಂಡಸು ಎಂದು ಹೆಮ್ಮೆಪಟ್ಟಿದ್ದೆ.

ಸೆಪ್ಟೆಂಬರ್ 15ರ ವಾರ್ಷಿಕ ಸಭೆಯಲ್ಲಿ ಠರಾವು ಖಾಯಂ ಆಗಬೇಕು. ಅಲ್ಲಿಯವರೆಗೆ ಅವಕಾಶವಿದೆ. ನಾನು ಬಿಡುವುದಿಲ್ಲ.

ಜುಲೈ 4, ಗುರುವಾರ

ಮನೆಯೊಳಗೆ ಇನ್ನೊಂದು ಅಧಃಪತನ. ಜಮಖಂಡಿಯ ಸರಕಾರಿ ನೌಕರಿಗೆ ದಿನಾ ಹೋಗಿಬರುವ ಅಣ್ಣ ಸಿದರಾಯ ಕಳೆದ ದೀಪಾವಳಿಗೆ ಟಿವಿ ತಂದಿದ್ದ. ಗೋಡೆಯಾಚೆಯ ಮಗ್ಗಗಳ ಸದ್ದಿನಲ್ಲಿ ಅದರ ಮಾತು ಯಾರಿಗೂ ತಿಳಿಯುವುದಿಲ್ಲ. ಈಗ ಅದಕ್ಕೊಂದು ಸೌಂಡ್ ಸೆಟ್ ಬೇಕಂತೆ. ಅಪ್ಪನ ಹಳೆಯ ರೆಕಾರ್ಡುಗಳೂ ಅದರಲ್ಲೇ ಹಾಡಬೇಕಂತೆ. ಅಪ್ಪನ ರೆಕಾರ್ಡ್ ಪ್ಲೇಯರಿನ ಸ್ಪೀಕರು ಸತ್ತು ನಾಲ್ಕು ವರ್ಷವಾಯಿತು.

ದುಡಿಯುವ ಜನ ಬೋನಸ್ ಕೇಳುತ್ತ ಬಿಸಿಲಿನಲ್ಲಿ ನಿಂತಿರುವಾಗ ಇದು ವಿಲಾಸ ಎಂದೆ. ಅರ್ಧ ತಾಸು ಹೇಳಿದೆ.

"ಆತು ಮಾರಾಯ್ತಿ, ಆತು" ಎಂದ ಅಣ್ಣ. "ಎಲ್ಲಾ ತಿಳದಾಕಿ ನೀನ. ನೀನ ಬಂದು ಆರಿಸು. ನೀ ಆರಿಸಿದ್ದನ್ನ ತರತೇನಿ. ಆಮ್ಯಾಲ ಅದನ್ನ ಬೈದಿ ಅಂದ್ರ ಕೇಳೂದಿಲ್ಲ."

"ಆರಸ್ತೇನಿ" ಎಂದುಬಿಟ್ಟೆ. ಸಿಟ್ಟಿನಲ್ಲಿ ಆಡಿದ ಮಾತು, ಆದರೂ ಮಾತು ಮಾತೇ. ಪಡಸಾಲೆ ಹತ್ತಡಿ ಇಲ್ಲ. ಸಣ್ಣದಿರಬೇಕು. ಮಿಣುಕು ದೀಪಗಳಿರಬಾರದು.

ಜುಲೈ 8, ಸೋಮವಾರ

ಇದನ್ನು ಹೇಗೆ ಬರೆಯಲಿ ತಿಳಿಯುತ್ತಿಲ್ಲ.

ಸೋಮವಾರ ಓಣಿಯ ಮಗ್ಗಗಳಿಗೆ ರಜೆ. ಇಡೀ ಓಣಿ ಸುಮ್ಮನಿರುತ್ತದೆ. ಅಪ್ಪ ಶೆಡ್ಡಿನಲ್ಲಿ ನನಗೆ ಬೆನ್ನು ಮಾಡಿ ಮಗ್ಗಕ್ಕೆ ಎಣ್ಣೆ ಹಾಕುತ್ತಿದ್ದ. ಒಂದು ವಾರದಿಂದ ಕಟ್ಟಿಟ್ಟುಕೊಂಡ ಮಾತು ಹೊರಬಂತು. "ಅಪ್ಪಾ, ನೀ ವಾಚನಾಲಯ ಮಾರಿದಿ. ನಿನ್ನ ಮಗಳು ಅನ್ನಾಕ ನನಗ ನಾಚಿಕಿ ಬರತೈತಿ."

ಅಪ್ಪ ತಿರುಗಲಿಲ್ಲ. "ಹೂಂ, ಬಂದೆ. ಅವ್ವಗ ರೊಟ್ಟಿ ಬಡೀಲಿಕ್ಕೆ ಹೇಳು" ಎಂದ.

ಮತ್ತೊಮ್ಮೆ ಹೇಳಿದೆ, ಇನ್ನೂ ಜೋರಾಗಿ. "ಹೂಂ, ಖರೆ" ಎಂದ.

ಮಗ್ಗ ನಡೆಯುವಾಗ ನಮ್ಮಲ್ಲಿ ಯಾರೂ ಬಾಯಿಂದ ಮಾತಾಡುವುದಿಲ್ಲ. ಕೈಸನ್ನೆ, ತುಟಿ. ನೂಲು ಮುಗಿಯಿತು, ಚಹಾ ಬಂತು, ಮಾಲಕ ಬಂದ, ಎಲ್ಲಕ್ಕೂ ಸನ್ನೆ ಇದೆ. ಹಾಗಾಗಿ ಅಪ್ಪನ ಕಿವಿ ಯಾವಾಗ ಹೋಯಿತು ಎಂಬುದು ನಮಗೆ ಗೊತ್ತಾಗಲೇ ಇಲ್ಲ.

ಎದುರಿಗೆ ಹೋಗಿ ನಿಂತು, ತುಟಿ ಕಾಣುವಂತೆ ನಿಧಾನವಾಗಿ ಕೇಳಿದೆ, "ಅವತ್ತು ಸಭಾದಾಗ ಯಾಕ ಕೈ ಎತ್ತಿದಿ?"

"ವಾಚನಾಲಯಕ್ಕ ಹೊಸಾ ತಗಡು ಹಾಕಸ್ತಾರಂತ ಅಲ್ಲ? ನೀ ಮಳಿಗಾಲದಾಗ ಸೋರತೈತಿ ಅಂತಿದ್ದೆಲ್ಲ" ಎಂದ.

ಆತ ನನ್ನ ಸಲುವಾಗಿ ಕೈ ಎತ್ತಿದ್ದ. ಠರಾವು ಏನೆಂದು ಹೇಳಿದೆ. ಎಣ್ಣೆಯ ಡಬ್ಬಿ ಕೆಳಗಿಟ್ಟ. ಆಮೇಲೆ ನನ್ನ ಕೈ ಹಿಡಿದು, "ಕಿವಿದು ಯಾರ ಮುಂದೂ ಹೇಳಬ್ಯಾಡ ಯವ್ವಾ. ಅಣ್ಣಗೂ ಬ್ಯಾಡ. ಕಿವುಡಗ ಮಗ್ಗಾ ಕೊಡೂದಿಲ್ಲ, ಸಂಘದಾಗ ಕುರ್ಚಿ ಕೊಡೂದಿಲ್ಲ" ಎಂದ.

ಹಾಗಾದರೆ ಇಷ್ಟು ವರ್ಷ ನನ್ನ ಭಾಷಣಗಳಿಗೆಲ್ಲ ಆಡಿಸಿದ ತಲೆ? ಇವತ್ತು ಅದನ್ನು ಯೋಚಿಸುವುದಿಲ್ಲ.

ಜುಲೈ 14, ಭಾನುವಾರ

ಜಮಖಂಡಿಗೆ ಹೋಗಿದ್ದೆವು, ಅಪ್ಪ, ಅಣ್ಣ, ನಾನು. ನನ್ನ ತೀರ್ಮಾನ ಈಗ ಬೇರೆ: ಸೆಟ್ ತರಲೇಬೇಕು, ಅದು ಅಪ್ಪನಿಗೆ ಕೇಳಿಸುವಂಥದ್ದೇ ಆಗಿರಬೇಕು. ಕಾರಣ ಯಾರಿಗೂ ತಿಳಿಯಬಾರದು.

ಅಂಗಡಿಯವನಿಗೆ ರೆಕಾರ್ಡು ನೋಡಿ ನಗು. "ಅಕ್ಕಾರ, ಇವನ್ನ ಈಗ ಯಾರು ಕೇಳ್ತಾರ್ರಿ? ಕ್ಯಾಸೆಟ್ ಡೆಕ್ ತಗೋರಿ. ಕೆಂಪು ಹಸರು ಲೈಟು ಹಾಡಿಗಿ ತಕ್ಕಂಗ ಕುಣೀತಾವು."

"ಕುಣಿಯೂದು ಬ್ಯಾಡ್ರಿ. ಮಾತಾಡಬೇಕು" ಎಂದೆ.

ಅಣ್ಣನಿಗೆ ಸೊಂಟದೆತ್ತರದ ಎರಡು ಸ್ಪೀಕರ್ ಡಬ್ಬಿಗಳ ಮೇಲೆ ಕಣ್ಣು. ಅಪ್ಪ ತಂದಿದ್ದ ಸಣ್ಣಾಟದ ನಾಟಕಪದಗಳ ರೆಕಾರ್ಡನ್ನು ಹಾಕಿದರು. ಅಂಗಡಿಯ ಗಾಜು ನಡುಗಿತು. ಅಪ್ಪ ಡಬ್ಬಿಯ ಮೇಲೆ ಅಂಗೈ ಇಟ್ಟ, ಕಣ್ಣು ಮುಚ್ಚಿದ, ಕೃಷ್ಣನ ಪದ ಹೇಳತೊಡಗಿದ. ಒಂದು ಅಕ್ಷರ ತಪ್ಪಲಿಲ್ಲ. "ಭಾಳ ಛಲೋ ಕೇಳಸ್ತೈತಿ!" ಎಂದ. ಅಣ್ಣ ಬೀಗಿದ. ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ಸುಲಭವೇ ಎಂದುಕೊಂಡೆ.

ಪದ ಮುಗಿಯಿತು. ಅಂಗಡಿಯವನು ರೆಕಾರ್ಡು ತಿರುವಿ ಮತ್ತೆ ಮುಳ್ಳು ಇಟ್ಟ. ಕಣ್ಣು ಮುಚ್ಚಿದ್ದ ಅಪ್ಪ ಮೊದಲಿನ ಮಗ್ಗುಲಿನ ಪದವನ್ನೇ ಮತ್ತೆ ಹಾಡಿದ. ತಾಳ ಒಂದೇ. ಡಬ್ಬಿಯಲ್ಲಿ ಹೆಣ್ಣಿನ ದನಿ, ಅಪ್ಪನ ಬಾಯಲ್ಲಿ ಕೃಷ್ಣನ ಪದ.

ಆತನಿಗೆ ಕೇಳಿಸುತ್ತಿದ್ದದ್ದು ದುಡಿಯ ಪೆಟ್ಟು ಮಾತ್ರ. ಉಳಿದದ್ದೆಲ್ಲ ನೆನಪು. ಬಾಯಿಪಾಠವಾದ ರೆಕಾರ್ಡಿನಿಂದ ಕಿವಿಯ ಪರೀಕ್ಷೆಗೆ ಹೊರಟಿದ್ದ ನನ್ನ ಬುದ್ಧಿಗೆ ಏನನ್ನಬೇಕು!

ಅಣ್ಣ ಅಂಗಡಿಯವನ ಜೊತೆ ಮಾತಾಡುತ್ತಿದ್ದ, ಗಮನಿಸಲಿಲ್ಲ. ನಾನು "ಇದು ಬ್ಯಾಡ" ಎಂದಷ್ಟೇ ಹೇಳಿದೆ.

"ಯಾಕ?"

"ಬ್ಯಾಡ."

"ಅಪ್ಪಗ ಸೇರೇತಿ, ನನಗ ಸೇರೇತಿ. ನಿಂದೇನ ಬೇ ಕ್ಯಾತಿ?"

ರೆಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಯಿಂದ ಇಳಿದೆ. ಬಸ್ಸಿನಲ್ಲಿ ಅಣ್ಣ ಬೇರೆ ಸೀಟಿನಲ್ಲಿ ಕೂತ.

ಜುಲೈ 17, ಬುಧವಾರ

ಅಣ್ಣ ಇನ್ನೂ ಮಾತಾಡುತ್ತಿಲ್ಲ.

ಜುಲೈ 28, ಭಾನುವಾರ

ಮುಧೋಳದಲ್ಲಿ ತುಕಾರಾಮ ಎಂಬ ರೇಡಿಯೋ ಮಿಸ್ತ್ರಿ ಇದ್ದಾನೆ, ತಾನೇ ಆಂಪ್ಲಿಫೈಯರ್ ಕಟ್ಟುತ್ತಾನೆ ಎಂದು ಕಂಡಿಕೆ ಸುತ್ತುವ ಹೆಂಗಸರಿಂದ ತಿಳಿಯಿತು. ಅಪ್ಪನನ್ನು ಕರೆದುಕೊಂಡು ಹೋದೆ. ಅಣ್ಣನಿಗೆ ಬೀಗರ ಮನೆಗೆ ಎಂದು ಹೇಳಿದೆ. ಇದು ಸುಳ್ಳು. ಬರೆದಿಡುತ್ತೇನೆ.

ಬಸ್ ಸ್ಟ್ಯಾಂಡಿನ ಹಿಂದೆ ಒಂದು ತಗಡಿನ ಅಂಗಡಿ. ಕಾಲಿಡಲು ಜಾಗವಿಲ್ಲ. ಮೇಜಿನ ಕೆಳಗೆ ಬಡಕಲು ಬೇಟೆನಾಯಿ ಮಲಗಿತ್ತು. ಮಿಸ್ತ್ರಿ ನನ್ನ ಮಾತು ಅರ್ಧ ಕೇಳಿ, ಅಪ್ಪನ ಮುಖ ನೋಡಿ, "ಮಗ್ಗದವರೇನ್ರಿ?" ಎಂದ. ಅಪ್ಪ ತಲೆಯಾಡಿಸಿದ. "ಗೊತ್ತಾತು" ಎಂದು ಒಂದು ಡಬ್ಬಿಯಿಂದ ಸಣ್ಣಗೆ ಸಿಳ್ಳೆಯಂಥ ಸದ್ದು ಬಿಟ್ಟ. ನಾಯಿ ತಟ್ಟನೆ ತಲೆ ಎತ್ತಿತು. ನಾನು ಕಿವಿ ಮುಚ್ಚಿಕೊಂಡೆ. ಅಪ್ಪ ನಾಯಿ ಯಾಕೆ ಎದ್ದಿತು ಎಂದು ಬಗ್ಗಿ ನೋಡುತ್ತಿದ್ದ.

ತುಕಾರಾಮ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಮಗ್ಗ ಮೊದಲ ಸಣ್ಣ ಸಪ್ಪಳಾ ತಿಂತೈತ್ರಿ. ದಪ್ಪ ಸಪ್ಪಳಾ ಬಿಟ್ಟಿರತೈತಿ. ಮಾತಿನ ಜೀವ ಇರೂದು ಸಣ್ಣ ಸಪ್ಪಳದಾಗ. ನೀವು ದೊಡ್ಡ ಡಬ್ಬಿ ತಂದ್ರ ಗುಡುಗು ಕೇಳಸ್ತೈತಿ, ಮಾತು ಕೇಳಸೂದಿಲ್ಲ. ಒದರಿದ್ರೂ ಅಷ್ಟ. ಒದರಿದ್ರ ದನಿ ದಪ್ಪ ಆಗತೈತಿ ಹೊರತು ತಿಳಿ ಆಗೂದಿಲ್ಲ."

ಕೊನೆಯ ಮಾತು ಹೇಳುವಾಗ ಅವನು ನನ್ನ ಕಡೆ ಯಾಕೆ ನೋಡಿದನೋ.

ಬುತ್ತಿಯ ಗಂಟಿನಷ್ಟು ದೊಡ್ಡ ಒಂದು ಸ್ಪೀಕರ್ ಡಬ್ಬಿ. ಒಂದೇ. ಅದನ್ನು ಮಿಸ್ತ್ರಿ ಅಪ್ಪನ ಕಿವಿಯ ಸಮಕ್ಕೆ, ಮೂರಡಿ ದೂರ ಇಟ್ಟ. ಬಾಸ್ ಪೂರ್ತಿ ಇಳಿಸಿದ, ಟ್ರೆಬಲ್ ಏರಿಸಿದ. ನಾನು ಹೊರಗೆ ನಿಂತು, ಅಪ್ಪನಿಗೆ ಮುಖ ಕಾಣದಂತೆ, ಹಳೆಯ ದಿನಪತ್ರಿಕೆಯನ್ನು ಮೈಕಿನಲ್ಲಿ ಓದಿದೆ. ಸಕ್ಕರೆ ಕಾರ್ಖಾನೆಯ ಸುದ್ದಿ, ಕಬ್ಬಿನ ಗಾಡಿಗಳ ಸುದ್ದಿ, ಅಪ್ಪನಿಗೆ ಬಾಯಿಪಾಠವಿಲ್ಲದ ಸುದ್ದಿ. ಒಂದೊಂದು ಸಾಲು ನಿಲ್ಲಿಸಿದಾಗ ಒಳಗಿನಿಂದ ಅಪ್ಪನ ದನಿ ಅದೇ ಸಾಲನ್ನು ಹೇಳಿತು. ಹತ್ತರಲ್ಲಿ ಎಂಟು!

ತುಕಾರಾಮ ಚಹಾ ತರಿಸಿದ. "ಕಾಕಾರ, ಇದರಾಗ ಟಿವಿ ತಂತಿಗೊಂದು, ರೆಕಾರ್ಡಿಗೊಂದು, ಮೈಕಿಗೊಂದು ತೂತು ಇಟ್ಟು ಕೊಡ್ತೇನಿ" ಎಂದ. ಅಪ್ಪನಿಗೆ ಅದೂ ಕೇಳಿಸಿತು. ಆಗ ಅಪ್ಪ ನಕ್ಕ ನಗು... ಬೇಡ, ಬರೆದರೆ ಸಣ್ಣದಾಗುತ್ತದೆ.

ಆಗಸ್ಟ್ 12, ಸೋಮವಾರ

ಸೆಟ್ ಬಂತು. ದುಡ್ಡು ಅಣ್ಣನದೇ, ಮಾತು ಕೊಟ್ಟಿದ್ದನಲ್ಲ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ.

ಅಣ್ಣ ಒಮ್ಮೆ ನೋಡಿ, "ಇದನ್ನ ಆರಿಸಾಕ ಒಂದ ತಿಂಗಳಾ? ಇದು ಸೌಂಡ್ ಸೆಟ್ಟೋ, ಸಾಲಿ ಹುಡುಗರ ಪಾಟಿಚೀಲೋ?" ಎಂದ. ನಾನು ತಂತಿ ಜೋಡಿಸುವುದರಲ್ಲಿದ್ದೆ.

ಮೊದಲು ಟಿವಿಯ ಮೇಲಿಟ್ಟೆವು, ಮಾತು ಸೂರಿಗೆ ಹೋಯಿತು. ಗೋಡೆಯ ಮಾಡದಲ್ಲಿಟ್ಟರೆ ಗುಂಯ್‌ಗುಟ್ಟಿತು. ಕೊನೆಗೆ ಅಪ್ಪ ಮಲಗುವ ಹೊರಸಿನ ಪಕ್ಕ ಸ್ಟೂಲಿನ ಮೇಲೆ. ಅಲ್ಲಿ ಸರಿಯಾಯಿತು. ಆದರೆ ಅವ್ವ ಗೊಣಗಿದಳು: "ಇದೇನ ಬೇ, ಕಿವ್ಯಾಗ ಸೂಜಿ ಹಾಕಿದಂಗ. ನನ್ನ ಕಿವಿ ಇನ್ನೂ ಛಲೋ ಅದಾವು, ಅವನ್ಯಾಕ ಕೆಡಸ್ತಿ?" ಅವ್ವನ ಮಾತು ನ್ಯಾಯವಾದದ್ದು. ಒಬ್ಬರಿಗೆ ತಿಳಿಯಾದದ್ದು ಇನ್ನೊಬ್ಬರಿಗೆ ಚುಚ್ಚುತ್ತದೆ. ಟಿವಿಯ ಮಾತಿಗೆ ಟ್ರೆಬಲ್ ಎಲ್ಲಿರಬೇಕೋ ಅಲ್ಲಿ ಸುಣ್ಣದ ಬೊಟ್ಟು, ರೆಕಾರ್ಡಿಗೆ ಎಲ್ಲಿರಬೇಕೋ ಅಲ್ಲಿ ಕುಂಕುಮದ ಬೊಟ್ಟು ಇಟ್ಟೆ. ಸುಣ್ಣದ ಹೊತ್ತಿನಲ್ಲಿ ಅವ್ವ ಹಿತ್ತಲಲ್ಲಿ ಕೂಡುತ್ತಾಳೆ, ಕುಂಕುಮದ ಹೊತ್ತಿನಲ್ಲಿ ಪಡಸಾಲೆಗೆ ಬರುತ್ತಾಳೆ. ಇಬ್ಬರೂ ಒಪ್ಪಿದರು.

ಸಂಜೆ ಕನ್ನಡ ವಾರ್ತೆ. ಅಪ್ಪ ಟಿವಿಗೆ ಬೆನ್ನು ಮಾಡಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಬಾಗಿಲಲ್ಲಿ ನಿಂತಿದ್ದ ಅಣ್ಣನಿಗೆ, "ಸಿದರಾಯಾ, ಹೊಳಿಗಿ ನೀರು ಬಿಟ್ಟಾರಂತ ಕೇಳ್ದೇನು?" ಎಂದ.

ಅಣ್ಣ ಅಪ್ಪನ ಬೆನ್ನು ನೋಡಿದ. ಟಿವಿ ನೋಡಿದ. ನನ್ನನ್ನು ನೋಡಿದ. "ಎಷ್ಟ ದಿನದಿಂದ?" ಎಂದು ತುಟಿಯಲ್ಲೇ ಕೇಳಿದ. ಬಹಳ ದಿನದಿಂದ ಎಂದು ಸನ್ನೆ ಮಾಡಿದೆ. ಅಣ್ಣ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದು, "ಭಾಳ ಶೆಕಿ" ಎಂದ. ಆಮೇಲೆ ಸ್ಟೂಲಿನ ಕಾಲಿಗೆ ಚಕ್ಕೆ ಕೊಟ್ಟು ಅಲುಗಾಡದಂತೆ ಮಾಡಿದ.

ಆಗಸ್ಟ್ 20, ಮಂಗಳವಾರ

ಇವತ್ತು ಅಪ್ಪನಿಗಾಗಿ ಮೈಕಿನಲ್ಲಿ ಕಿರುಹೊತ್ತಿಗೆ ಓದಿದೆ. "ಕೂಲಿ ಮತ್ತು ಯಂತ್ರ" ಎಂಬ ಅಧ್ಯಾಯ, ನಾನು ಮೊದಲೂ ಹತ್ತು ಸಲ ಹೇಳಿದ್ದೇ.

ಅಪ್ಪ ಕೇಳಿ, "ಇದು ತಪ್ಪು" ಎಂದ.

"ಏನು ತಪ್ಪು?"

"ಇದನ್ನ ಬರದಾಂವ ಮಗ್ಗದ ಮುಂದ ನಿಂತಿಲ್ಲ. ನಾಕ ಮಗ್ಗ ನಡಸಾಂವಗ ಎರಡ ಮಗ್ಗದಾಂವನ ದುಪ್ಪಟ್ಟು ದಣಿವು ಅಂತ ಬರದಾನ. ದಣಿವು ಮಗ್ಗದ ಲೆಕ್ಕಲೆ ಬರೂದಿಲ್ಲ. ನೂಲು ಹರಿಯೂದರ ಲೆಕ್ಕಲೆ ಬರತೈತಿ. ಕೆಟ್ಟ ನೂಲು ಇದ್ರ ಒಂದ ಮಗ್ಗಾನೂ ಹೆಣಾ ಹಾಕತೈತಿ."

ವಾದ ಮಾಡಿದೆ. ಸೋತೆ. ಐದು ವರ್ಷ ನನ್ನನ್ನು ಒಪ್ಪಿದವನು ಕೇಳಿಸಿದ ಎಂಟನೆಯ ದಿನಕ್ಕೆ ಒಪ್ಪದೇ ಹೋದ! ಅವ್ವ ಹಿತ್ತಲಿಂದ, "ಆ ಪೆಟಗಿ ತಂದು ನಿನಗ ನೀನ ವೈರಿ ಮಾಡಕೊಂಡಿ ನೋಡು" ಎಂದು ನಕ್ಕಳು.

ಆಮೇಲೆ ಕೆಟ್ಟ ನೂಲಿನ ಬಗ್ಗೆ ಇನ್ನೂ ಹೇಳು ಎಂದು ಕೇಳಿದೆ. ಎರಡು ತಾಸು ಹೇಳಿದ. ನಾಳೆಯೂ ಕೇಳಬೇಕು.

ಸೆಪ್ಟೆಂಬರ್ 2, ಸೋಮವಾರ

ನೂಲು, ದಾರ, ಗಂಜಿ. ಅಪ್ಪನಿಗೆ ಎಷ್ಟೊಂದು ಗೊತ್ತಿದೆ. ಕೈ ನೋಯುವಷ್ಟು ಬರೆದುಕೊಂಡೆ, ಬೇರೆ ಪುಸ್ತಕದಲ್ಲಿ.

ಸೆಪ್ಟೆಂಬರ್ 9, ಸೋಮವಾರ

ಸಭೆಗೆ ಆರು ದಿನ. ಎಂಟು ಪುಟಗಳ ಭಾಷಣ ತಯಾರಿದೆ. ಕಿಟಕಿಯಿಂದಾದರೂ ಓದುತ್ತೇನೆ.

ಆದರೆ ಇನ್ನೊಂದು ವಿಚಾರ ಬಂದಿದೆ. ಸೆಟ್ ಇಷ್ಟು ಸಣ್ಣದು, ಸೈಕಲ್ಲಿನ ಕ್ಯಾರಿಯರಿನಲ್ಲಿ ಕೂಡುತ್ತದೆ. ಮೈಕಿನ ತೂತಿದೆ. ಸಭೆಗೆ ಒಯ್ಯಬಹುದು. ಅಪ್ಪನ ಮುಂದೆ ಹೇಳಿದೆ.

"ಬ್ಯಾಡ" ಎಂದ. "ಅದನ್ನ ನನ್ನ ಮಗ್ಗಲ್ದಾಗ ಇಟ್ಟರ ಶಿದ್ರಾಮಪ್ಪ ಕಿವುಡ ಅಂತ ಡಂಗುರಾ ಸಾರಿದಂಗ."

ಮೊದಲಾಗಿದ್ದರೆ ನಾಚಿಕೆ ಎಂಬುದು ಹೇಗೆ ಉಳ್ಳವರ ಆಯುಧ ಎಂದು ಹೇಳುತ್ತಿದ್ದೆ. ಯಾಕೋ ಹೇಳಲಿಲ್ಲ. ಪಕ್ಕದಲ್ಲಿ ಕೂತೆ. ಅಪ್ಪ ತಾನೇ ಮಾತಾಡಿದ. ಮೊದಲು ಬಲಗಿವಿ ಹೋದದ್ದು. ಸಂಘದಲ್ಲಿ ಜನ ನಕ್ಕಾಗ ಯಾಕೆಂದು ತಿಳಿಯದೆ ತಾನೂ ನಕ್ಕದ್ದು. ಚಹಾದಂಗಡಿಗೆ ಹೋಗುವುದನ್ನು ಬಿಟ್ಟದ್ದು. ನಾನು ಚಿಕ್ಕವಳಿದ್ದಾಗ ಹಾಡುತ್ತಿದ್ದೆನಂತೆ, ಯಾವಾಗ ನಿಲ್ಲಿಸಿದೆ ಎಂದು ಕೇಳಿದ. ನಿಲ್ಲಿಸಿರಲಿಲ್ಲ.

ಅವ್ವ ತಟ್ಟುತ್ತಿದ್ದ ರೊಟ್ಟಿ ಬಿಟ್ಟು ಎದ್ದು ಬಂದು ಹೇಳಿದಳು: "ನೀ ಕಿವುಡ ಅನ್ನೂದು ನನಗ ಹತ್ತ ವರ್ಷದಿಂದ ಗೊತ್ತೈತಿ. ಬಿಟ್ಟ ಹೋದ್ನೇನು? ಊರ ಮಂದೀನೂ ಬಿಟ್ಟ ಹೋಗೂದಿಲ್ಲ."

ಅವ್ವ ಎದುರಿಗೇ ನಿಂತು ಹೇಳಿದ್ದು ಅಪ್ಪನಿಗೆ ಪೆಟ್ಟಿಗೆಯಿಲ್ಲದೆಯೇ ಕೇಳಿಸಿತು. ಎದ್ದು ಹೋಗಿ ಸೈಕಲ್ಲಿಗೆ ಗಾಳಿ ಹಾಕತೊಡಗಿದ.

ಸೆಪ್ಟೆಂಬರ್ 15, ಭಾನುವಾರ

ರಾತ್ರಿ ಬಹಳವಾಗಿದೆ. ಆದರೂ ಬರೆಯುತ್ತೇನೆ.

ಅಣ್ಣ ಸೈಕಲ್ಲು ತಳ್ಳಿದ, ನಾನು ಡಬ್ಬಿ ಹಿಡಿದುಕೊಂಡೆ. ಸಂಘದ ಸಭಾಗೃಹದಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಚಾಪೆಯ ಮೇಲೆ ಕೂತಿದ್ದರು. ಬಗಲಿನ ಶೆಡ್ಡಿನಲ್ಲಿ ಮಗ್ಗಗಳು ಎಂದಿನಂತೆ ಬಡಿಯುತ್ತಿದ್ದವು. ಪ್ಲಗ್ಗು ಮುಂದಿನ ಗೋಡೆಗಿತ್ತು. ಅಲ್ಲೇ ಕೂತು ತಂತಿ ಹಾಕಿದೆ, ಸ್ಪೀಕರನ್ನು ಹಿರಿಯರ ಸಾಲಿನ ಮುಂದೆ ಸ್ಟೂಲಿನ ಮೇಲಿಟ್ಟೆ. ಹೆಂಗಸು ಒಳಗೆ ಬಂದಳೆಂಬುದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಬಸಗೊಂಡಪ್ಪನ ಹುಬ್ಬು ಏರಿತು. "ಏನ ತಂಗಿ, ಮದಿವಿ ಹಂದರಾ ಮಾಡೀರೇನು? ಮೈಕ್ ಯಾಕ? ನನ್ನ ದನಿ ಓಣಿಗೆಲ್ಲಾ ಕೇಳಸ್ತೈತಿ."

ನಾನು ಬಾಯಿ ತೆರೆಯುವುದರೊಳಗೆ ಅಪ್ಪ ಎದ್ದು ನಿಂತ. ತಲೆಯ ಮೇಲಿನ ಟೊಪ್ಪಿಗೆ ಸರಿಮಾಡಿಕೊಂಡ.

"ನನಗ ಕಿವಿ ಕೇಳಸೂದಿಲ್ಲ, ಬಸಗೊಂಡಪ್ಪಾ. ಹೋದ ಸಲ ನೀ ಓದಿದ್ದು ನನಗ ಒಂದ ಅಕ್ಷರಾನೂ ಕೇಳಿಸಿಲ್ಲ. ನೀ ಕೈ ಎತ್ತಿದಿ, ನಾನೂ ಎತ್ತಿದೆ. ಇವತ್ತ ಆ ಪೆಟಗ್ಯಾಗಿಂದ ಓದು."

ಬಗಲಿನ ಮಗ್ಗಗಳು ಬಡಿಯುತ್ತಲೇ ಇದ್ದವು. ಈಗ ನಗುತ್ತಾರೆ, ನಕ್ಕರೆ ಏನು ಮಾಡಲಿ ಎಂದುಕೊಂಡೆ.

ಮೊದಲ ಸಾಲಿನಲ್ಲಿದ್ದ ಹೊಳೆಪ್ಪ ಕಾಕಾ, ಅಪ್ಪನಿಗಿಂತ ಹಿರಿಯ ನೇಕಾರ, ಬಗಲಲ್ಲಿದ್ದವನನ್ನು ಮೊಣಕೈಯಿಂದ ತಿವಿದು, "ಏನ ಅಂದ ಶಿದ್ರಾಮ?" ಎಂದು ಕೇಳಿದ. ಆತ ಕಿವಿ ಮುಟ್ಟಿ, ಕೈಯಾಡಿಸಿ ಸನ್ನೆ ಮಾಡಿದ.

"ಹಾಂ? ಅಂವಗೂ ಕೇಳಸೂದಿಲ್ಲಾ?" ಹೊಳೆಪ್ಪ ಕಾಕಾ ಎದ್ದೇ ನಿಂತ. "ಲೇ ಶಿದ್ರಾಮಾ! ಹನ್ನೆರಡ ವರ್ಷ ಆತು ನಾ ನಿನ್ನ ಕೈ ನೋಡಿ ಕೈ ಎತ್ತಾಕತ್ತೇನಿ! ನೀ ಶಾಣ್ಯಾ ಮನಶ್ಯಾ, ಕೇಳಿ ಎತ್ತತಿ ಅಂತ ತಿಳದಿದ್ನೆಲ್ಲೋ!"

"ನಾನೂ!" ಎಂದಿತು ಹಿಂದಿನಿಂದ ಒಂದು ದನಿ. "ನಾ ಹೊಳೆಪ್ಪನ ಕೈ ನೋಡ್ತಿದ್ದೆ!" ಎಂದಿತು ಇನ್ನೊಂದು. ಆಮೇಲೆ ಯಾರು ಯಾರ ಕೈ ನೋಡುತ್ತಿದ್ದರು ಎಂದು ಎಲ್ಲರೂ ಒಮ್ಮೆಗೇ ಹೇಳತೊಡಗಿದರು, ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ಸನ್ನೆಗಳು ಶುರುವಾದವು. ಇಡೀ ಸಭೆ ಕೈಯಾಡಿಸುತ್ತ ನಕ್ಕಿತು. ಅಪ್ಪನೂ ಹೊಳೆಪ್ಪ ಕಾಕಾನೂ ನಗುತ್ತಲೇ ಕೂತರು.

ಮೈಕನ್ನು ಬಸಗೊಂಡಪ್ಪನ ಮುಂದೆ ಇಟ್ಟೆ. ಬಾಯಿಗೆ ಅಡ್ಡ ಹಿಡಿದಿದ್ದ ಕಾಗದ ಕೆಳಗಿಳಿಯಿತು. ಬೇರೆ ದಾರಿಯಿರಲಿಲ್ಲ. ನಿಧಾನವಾಗಿ ಓದಿದ. ಪೆಟ್ಟಿಗೆಯಿಂದ ಒಂದೊಂದು ಮಾತೂ ಅಕ್ಕಿ ಆರಿಸಿದಂತೆ ಬಿತ್ತು: ವಾಚನಾಲಯದ ಕೋಣೆ. ನೂಲಿನ ಗೋದಾಮು. ಇಪ್ಪತ್ತು ವರ್ಷಗಳವರೆಗೆ. ಇಪ್ಪತ್ತು ವರ್ಷ ಎಂಬುದು ಕಿಟಕಿಯಲ್ಲಿ ನಿಂತ ನನಗೂ ಹೋದ ಸಲ ಕೇಳಿಸಿರಲಿಲ್ಲ.

"ಒಪ್ಪಿಗಿ ಇದ್ದವರು..." ಎಂದು ಬಸಗೊಂಡಪ್ಪ ಕೈ ಎತ್ತಿದ.

ಅಪ್ಪನ ಎರಡೂ ಕೈ ಮೊಣಕಾಲಿನ ಮೇಲಿದ್ದವು. ಹೊಳೆಪ್ಪ ಕಾಕಾನವೂ ಹಾಗೇ. ಸಾಲಿನಿಂದ ಸಾಲಿಗೆ ನೋಡಿದೆ, ಕೈಗಳೆಲ್ಲ ಮೊಣಕಾಲಿನ ಮೇಲೆ. ಬಸಗೊಂಡಪ್ಪನ ಒಂದೇ ಕೈ ಗಾಳಿಯಲ್ಲಿ ನಿಂತು, ಸ್ವಲ್ಪ ಹೊತ್ತಿಗೆ ತಾನಾಗಿ ಇಳಿದು, ಕತ್ತಿನ ಹಿಂದೆ ತುರಿಸಿಕೊಂಡಿತು.

"ಒಪ್ಪಿಗಿ ಇಲ್ಲದವರು?" ಎಂದು ಅಪ್ಪನೇ ಕೇಳಿದ.

ಅಷ್ಟು ಕೈಗಳು ಒಮ್ಮೆಗೇ ಎದ್ದದ್ದನ್ನು ನಾನು ಎಂದೂ ಕಂಡಿಲ್ಲ. ಅಣ್ಣ ಸದಸ್ಯನಲ್ಲ, ಬಾಗಿಲಲ್ಲಿ ನಿಂತಿದ್ದ ಅವನೂ ಎತ್ತಿದ್ದ.

ಬಸಗೊಂಡಪ್ಪ ಠರಾವು ಬಿದ್ದಿತೆಂದು ಬರೆದು, ಪುಸ್ತಕ ಮುಚ್ಚಿ, "ಸಭಾ ಮುಗೀತು" ಎಂದ.

"ಎಲ್ಲಿ ಮುಗೀತೋ?" ಎಂದ ಹೊಳೆಪ್ಪ ಕಾಕಾ, ಸ್ಪೀಕರಿಗೆ ಇನ್ನೂ ಒಂದು ಮೊಳ ಹತ್ತಿರ ಸರಿದು ಕೂತು. "ಹಿಂದಿನ ಹನ್ನೆರಡ ವರ್ಷದ ಠರಾವಿನ ಪುಸ್ತಕಾ ತಗಿ. ಮೊದಲಿಂದ ಓದು. ನಾವು ಏನೇನಕ್ಕ ಕೈ ಎತ್ತೇವಿ, ಒಮ್ಮೆ ಕೇಳೂಣಲ್ಲ."

ಯಾರೂ ಏಳಲಿಲ್ಲ. ಬಸಗೊಂಡಪ್ಪ ನೀರು ಕೇಳಿದ. ಕಪಾಟಿನಿಂದ ಹಳೆಯ ಪುಸ್ತಕಗಳು ಒಂದೊಂದಾಗಿ ಮೇಜಿಗೆ ಬಂದವು. ಅವನು ಮೊದಲನೆಯದನ್ನು ತೆರೆದು ಗಂಟಲು ಸರಿಮಾಡಿಕೊಂಡ, ನಾನು ಟ್ರೆಬಲ್ ಇನ್ನೊಂದಿಷ್ಟು ಏರಿಸಿದೆ.